ಕಿಟಕಿಯ ಬಳಿ ಎರಡನೆಯ ಕುರ್ಚಿ

ಆಕೆ ಹಂಡೆಯಣ್ಣನನ್ನು ಮೊದಲು ಕಂಡದ್ದು ಕೆಲಸಕ್ಕೆ ಸೇರಿದ ದಿನವೇ. ಹೊಲಿಗೆ ದಾರಕ್ಕೆ ಬಣ್ಣ ಹಾಕುವ ಕಾರ್ಖಾನೆ ಅದು. ಕೆಳಗಿನ ಅಂತಸ್ತಿನಲ್ಲಿ ಕುದಿಯುವ ಬಣ್ಣದ ಹಂಡೆಗಳು; ಮೇಲೆ ಒಣಗಿದ ದಾರವನ್ನು ರೀಲಿಗೆ ಸುತ್ತುವ ಯಂತ್ರಗಳು; ಯಂತ್ರಗಳ ಆಚೆ ಹಲಗೆಯ ಗೋಡೆ ಹಾಕಿ ಬೇರ್ಪಡಿಸಿದ ಒಂದು ಚಿಕ್ಕ ಕೋಣೆ. ಕೋಣೆಗೆ ಉತ್ತರ ದಿಕ್ಕಿನಲ್ಲಿ ದೊಡ್ಡದೊಂದು ಕಿಟಕಿ, ಕಿಟಕಿಯ ಕೆಳಗೆ ಮೇಜು, ಮೇಜಿನ ಮುಂದೆ ಒಂದೇ ಒಂದು ಕುರ್ಚಿ. ಗಿರಾಕಿ ಕೇಳಿದ ಬಣ್ಣ ದಾರಕ್ಕೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಆ ಕುರ್ಚಿಯಲ್ಲಿ ಕುಳಿತು ನೋಡಿ ಹೇಳುವುದೇ ಆಕೆಯ ಕೆಲಸ.

ಕುರ್ಚಿ ಎಳೆದುಕೊಂಡು ಇನ್ನೂ ಸರಿಯಾಗಿ ಕೂತಿರಲಿಲ್ಲ. ಕೆಳಗೆ ಹಂಡೆಗಳಲ್ಲಿ ಬಣ್ಣ ಹಾಕುವ ಆಳು ಒದ್ದೆ ಏಪ್ರನ್ ಕಟ್ಟಿಕೊಂಡು ಬಾಗಿಲಲ್ಲಿ ಬಂದು ನಿಂತ. ಒಂದು ಕೈ ಮೊಣಕೈಯವರೆಗೆ ನೇರಳೆ, ಇನ್ನೊಂದು ಕೈ ಪಾಚಿ ಹಸಿರು. ಆ ಕೈಗಳಲ್ಲಿ ಕೆಂಪು ದಾರದ ಎರಡು ಲಡಿಗಳು.

"ಹೊಸಬರು ಅಲ್ವಾ? ಇದರಲ್ಲಿ ನಿನ್ನೆ ಮಾಡಿದ್ದು ಯಾವುದು, ಇವತ್ತು ಮಾಡಿದ್ದು ಯಾವುದು, ಹೇಳಿ ನೋಡೋಣ."

ಯಂತ್ರದ ಹೆಂಗಸರು ಕತ್ತು ಚಾಚಿ ನೋಡತೊಡಗಿದರು. ಆಕೆ ಅವಸರಪಡಲಿಲ್ಲ. ಲಡಿಗಳನ್ನು ಕಿಟಕಿಗೆ ಹಿಡಿದಳು, ತಿರುಗಿಸಿದಳು, ಮೂಗಿನ ಹತ್ತಿರ ತಂದಳು.

"ಎರಡೂ ಒಂದೇ ಹಂಡೆಯಲ್ಲಿ ಬೆಂದದ್ದು. ಒಂದನ್ನ ನೆರಳಲ್ಲಿ ಒಣಗಿಸಿದ್ದೀರಿ. ಇನ್ನೊಂದನ್ನ ಬಿಸಿ ಕೊಳವೆ ಮೇಲೆ ಹಾಕಿ ಸುಟ್ಟಿದ್ದೀರಿ."

ಹಂಡೆಯವನು ಹಣೆ ಹಣೆ ಚಚ್ಚಿಕೊಂಡು ನಕ್ಕ. ಹಣೆಗೂ ನೇರಳೆ ಹತ್ತಿತು. "ಅಯ್ಯೋ, ಸಿಕ್ಕಿಬಿದ್ದೆನಪ್ಪಾ! ಇನ್ನು ಮೇಲೆ ಇವರು ಬಣ್ಣದಕ್ಕ ಕಣ್ರೇ. ಇವರ ಹತ್ತಿರ ನಿಮ್ಮ ಆಟ ನಡೆಯಲ್ಲ."

ಆತ ಆಕೆಗಿಂತ ಏಳೆಂಟು ವರ್ಷ ದೊಡ್ಡವನು. ಆದರೂ ಆ ದಿನದಿಂದ ಆಕೆ ಅವನಿಗೆ ಅಕ್ಕ, ಅವನು ಆಕೆಗೆ ಅಣ್ಣ. ನಿಮ್ಮಿಬ್ಬರಲ್ಲಿ ದೊಡ್ಡವರು ಯಾರು ಎಂದು ಯಾರಾದರೂ ಕೇಳಿದರೆ ಇಬ್ಬರೂ ಬೆರಳು ಮಾಡಿ ಒಬ್ಬರನ್ನೊಬ್ಬರು ತೋರಿಸುತ್ತಿದ್ದರು.

ಬಣ್ಣದಕ್ಕನ ಕೆಲಸದಲ್ಲಿ ಒಂದು ಶಿಸ್ತು ಇತ್ತು. ಮೈಮೇಲಿನ ಬಣ್ಣ ದಾರದ ಮೇಲೆ ನೆರಳು ಚೆಲ್ಲಬಾರದೆಂದು ಕೆಲಸಕ್ಕೆ ಯಾವಾಗಲೂ ಬೂದು ಬಟ್ಟೆಯನ್ನೇ ತೊಟ್ಟು ಬರುತ್ತಿದ್ದಳು. ಮೇಜಿಗೂ ಬೂದು ಬಟ್ಟೆ ಹಾಸಿದ್ದಳು. ಒಂದು ಬಣ್ಣ ನೋಡಿ ಇನ್ನೊಂದಕ್ಕೆ ಹೋಗುವ ಮೊದಲು ಆ ಬೂದು ಬಣ್ಣದ ಮೇಲೆ ಸ್ವಲ್ಪ ಹೊತ್ತು ದೃಷ್ಟಿ ಇಟ್ಟು ಕಣ್ಣನ್ನು ತಣಿಸಿಕೊಳ್ಳುತ್ತಿದ್ದಳು. "ಬೂದು ಬಣ್ಣಕ್ಕೆ ಪಕ್ಷ ಇಲ್ಲ. ಅದು ಯಾರ ಕಡೆಗೂ ವಾಲೋದಿಲ್ಲ," ಎನ್ನುತ್ತಿದ್ದಳು.

ಆಕೆಯ ಮಾತಿಗೆ ಅಷ್ಟು ಬೆಲೆ ಬಂದದ್ದು ಬರೀ ಕಣ್ಣಿನಿಂದಲ್ಲ, ಕಿವಿಯಿಂದಲೂ. ಸೇರಿದ ಹೊಸದರಲ್ಲಿ ಒಂದು ದಿನ ಕಸ ಗುಡಿಸುವ ಹೆಂಗಸು, "ಅಕ್ಕ, ಸಂಜೆ ನೀವು ಸರಿ ಅಂದ ಕಂದು ದಾರ ಬೆಳಿಗ್ಗೆ ನೋಡಿದ್ರೆ ಕೆಂಪಗಿರುತ್ತಲ್ಲ?" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಪೊರಕೆ ಹಿಡಿದವಳು ಬಣ್ಣದ ಪಾಠ ಹೇಳುತ್ತಾಳೆ ಎಂದು ಯಾರೋ ಹಂಗಿಸಿದರು. ಬಣ್ಣದಕ್ಕ ನಗಲಿಲ್ಲ. ಸಂಜೆ ಒಪ್ಪಿದ ಲಡಿಯೊಂದನ್ನು ಕಿಟಕಿಗೆ ನೇತುಹಾಕಿ ಬೆಳಿಗ್ಗೆ ಬಂದು ನೋಡಿದಳು. ಗುಡಿಸುವವಳ ಮಾತು ನಿಜವಾಗಿತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ದಾರದ ಕೆಂಪು ಅಡಗಿಬಿಡುತ್ತಿತ್ತು. ಅಂದಿನಿಂದ ದೀಪ ಹಚ್ಚಿದ ಮೇಲೆ ಯಾವ ಬಣ್ಣವನ್ನೂ ಒಪ್ಪುವುದಿಲ್ಲ ಎಂದು ಆಕೆ ಕಟ್ಟುನಿಟ್ಟು ಮಾಡಿದಳು.

ಇದು ಒಳ್ಳೆಯ ಕೆಲಸ. ಇದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯ ಕೆಲಸ ಮಾಡಿದವರು ಅದನ್ನು ಮರೆತರೆ ಚೆನ್ನ. ಬಣ್ಣದಕ್ಕ ಮರೆಯಲಿಲ್ಲ. ಹೊಸಬರು ಬಂದಾಗಲೆಲ್ಲ ಆ ಕಥೆ ಹೇಳಿದಳು. ಗಿರಾಕಿಗಳಿಗೆ ಹೇಳಿದಳು, ಮನೆಯಲ್ಲಿ ತಂಗಿಗೆ ಹೇಳಿದಳು. "ನಾನು ಯಾರ ಮಾತನ್ನೂ ತಳ್ಳಿಹಾಕಲ್ಲ. ಹೇಳಿ, ಕೇಳ್ತೀನಿ. ಆದ್ರೆ ಪರೀಕ್ಷೆ ಮಾಡದೆ ಒಪ್ಪಲ್ಲ." ಹೇಳಿ ಹೇಳಿ ಅದು ಪೆಟ್ಟಿಗೆಯಿಂದ ತೆಗೆದು ತೊಡುವ ಒಡವೆಯಂತಾಯಿತು. ಗುಡಿಸುವ ಹೆಂಗಸು ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು, ಕಥೆ ಮಾತ್ರ ಹೊಳೆಯುತ್ತಲೇ ಇತ್ತು. ಆಮೇಲೆ ಆಕೆ ಯಾರ ಮಾತು ಕೇಳಿ ಏನನ್ನಾದರೂ ಬದಲಾಯಿಸಿದಳೇ ಎಂದು ಯಾರೂ ಕೇಳಲಿಲ್ಲ. ಆಕೆಯೂ ಕೇಳಿಕೊಳ್ಳಲಿಲ್ಲ.

ಹೀಗೆ ವರ್ಷಗಳು ಉರುಳಿದವು. ಆಕೆಯ ತಲೆ ಅರ್ಧ ನರೆಯಿತು, ಹಂಡೆಯಣ್ಣನದು ಪೂರ್ತಿ. ದಾದಿಯರ ಸಮವಸ್ತ್ರ ಹೊಲಿಯುವ ದೊಡ್ಡ ಅಂಗಡಿಯೊಂದಕ್ಕೆ ತಿಳಿನೀಲಿ ದಾರ ಕಳಿಸುವುದು ಕಾರ್ಖಾನೆಯ ಹಳೆಯ ವಾಡಿಕೆ. ಆ ನೀಲಿಯನ್ನು ಹಂಡೆಯಣ್ಣ ನಿದ್ದೆಗಣ್ಣಲ್ಲೂ ಹಾಕಬಲ್ಲವನಾಗಿದ್ದ. ಬಣ್ಣದಕ್ಕನಿಗೆ ಅದನ್ನು ನೋಡಲು ಶೇಡ್ ಕಾರ್ಡೂ ಬೇಕಿರಲಿಲ್ಲ. ಎಲ್ಲ ಬಣ್ಣಗಳ ದಾರದ ತುಂಡುಗಳನ್ನು ಅಂಟಿಸಿಟ್ಟ ಆ ಮಾದರಿ ಕಾರ್ಡು ಮೇಜಿನ ಖಾನೆಯಲ್ಲೇ ಇರುತ್ತಿತ್ತು. "ಕಾರ್ಡು ಮಾಸುತ್ತೆ, ನನ್ನ ನೆನಪು ಮಾಸಲ್ಲ," ಎಂಬುದು ಆಕೆಯ ಮಾತು. ಯಾರೂ ಅದನ್ನು ಅಹಂಕಾರ ಎನ್ನಲಿಲ್ಲ. ನೆನಪು ಅಷ್ಟು ಚೊಕ್ಕವಾಗಿತ್ತು.

ಒಂದು ಬೆಳಿಗ್ಗೆ ತಿಳಿನೀಲಿ ಲಡಿ ಆಕೆಯ ಕಣ್ಣಿಗೆ ಮಂಕಾಗಿ ಕಂಡಿತು. ನೆನಪಿನಲ್ಲಿದ್ದ ನೀಲಿ ತೊಳೆದಿಟ್ಟ ಗಾಜಿನಂತಿತ್ತು; ಇದು ತೊಳೆಯದ ಗಾಜು.

"ಅಣ್ಣ, ನೀಲಿ ಸಾಲದು. ಎಲ್ಲೋ ಹಳದಿ ಸೇರಿದೆ. ಹಂಡೆ ಸರಿಯಾಗಿ ತೊಳೆದಿಲ್ಲ."

"ತೊಳೆದಿದ್ದೀನಿ ಅಕ್ಕ. ಯಾವಾಗಲೂ ಹಾಕೋ ಅಳತೇನೇ ಹಾಕಿದ್ದೀನಿ."

"ಹೇಳಿ, ಕೇಳ್ತೀನಿ. ಆದ್ರೆ ನೋಡಿದ್ರೆ ಮಂಕಾಗೇ ಇದೆಯಲ್ಲ?"

ಹಂಡೆಯಣ್ಣ ಆಕೆಯ ಎದುರೇ ಹಂಡೆ ತೊಳೆದ. ಎರಡನೆಯ ಸಲ ಹಾಕಿದ ಬಣ್ಣವೂ ಮಂಕು. ಬಣ್ಣದ ಪುಡಿಯ ಮೇಲೆ ಅನುಮಾನ ಬಂದು ಬೇರೆ ಡಬ್ಬಿ ಒಡೆಸಿದಳು. ಅದೂ ಮಂಕು. ನೀರು ಕೆಟ್ಟಿದೆಯೇನೋ ಎಂದು ಬೇರೆ ಕಡೆಯಿಂದ ನೀರು ತರಿಸಿದಳು. ತಕ್ಕಡಿಯನ್ನೂ ಪರೀಕ್ಷಿಸಿದಳು. ಪ್ರತಿ ಸಲವೂ ಲಡಿಯನ್ನು ಅದೇ ಕಿಟಕಿಗೆ ತಂದು, ಅದೇ ಕುರ್ಚಿಯಲ್ಲಿ ಕುಳಿತು, ಅದೇ ಎರಡು ಕಣ್ಣುಗಳಿಂದ ನೋಡಿದಳು.

ಕೊನೆಗೆ ಹಂಡೆಯಣ್ಣನೇ ಖಾನೆಯಿಂದ ಕಾರ್ಡು ತೆಗೆದು ಲಡಿಯ ಪಕ್ಕದಲ್ಲಿಟ್ಟ. "ನೋಡಿ ಅಕ್ಕ, ಕಾರ್ಡಿಗೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ."

ನಿಜಕ್ಕೂ ಇರಲಿಲ್ಲ. ಆಕೆಗೂ ಅದು ಕಾಣಿಸಿತು. ಎರಡೂ ಒಂದೇ ಸಮ ಮಂಕಾಗಿದ್ದವು. ಅಲ್ಲಿಗೆ ಎಚ್ಚರಾಗಬೇಕಿತ್ತು.

"ನೋಡಿದ್ರಾ? ನಾನು ಹೇಳಲಿಲ್ವಾ? ಕಾರ್ಡೂ ಮಾಸಿಹೋಗಿದೆ," ಎಂದಳು ಬಣ್ಣದಕ್ಕ.

ಹಂಡೆಯಣ್ಣ ಕಾರ್ಡನ್ನು ಮತ್ತೆ ಖಾನೆಯೊಳಗಿಟ್ಟ. ಆಮೇಲೆ ಏಪ್ರನ್ನಿನ ಅಂಚಿಗೆ ಕೈ ಒರೆಸಿಕೊಳ್ಳುತ್ತ ತಗ್ಗಿದ ದನಿಯಲ್ಲಿ, "ಅಕ್ಕ, ಬೇಜಾರು ಮಾಡ್ಕೋಬೇಡಿ. ಒಂದ್ಸಲ ಕಣ್ಣು ತೋರಿಸಿಕೊಂಡು ಬನ್ನಿ," ಎಂದ.

ಬಣ್ಣದಕ್ಕ ನಕ್ಕುಬಿಟ್ಟಳು. ಜೋರಾಗಿಯೇ ನಕ್ಕಳು, ಯಂತ್ರದ ಹೆಂಗಸರಿಗೆಲ್ಲ ಕೇಳಿಸಿತು. "ನನ್ನ ಕಣ್ಣಾ? ಅಣ್ಣ, ನಿಮ್ಮ ಕೈ ನಡುಗೋದನ್ನ ನಾನು ಎಷ್ಟು ದಿನದಿಂದ ನೋಡ್ತಿದ್ದೀನಿ. ಹೇಳಬಾರದು ಅಂತ ಸುಮ್ಮನಿದ್ದೆ."

ಕೈ ನಡುಗುತ್ತಿದ್ದುದು ಸುಳ್ಳಲ್ಲ. ನೆನೆದ ಲಡಿಗಳ ಭಾರ ಹೊತ್ತು ದಣಿದಾಗ ಯಾರ ಕೈಯಾದರೂ ನಡುಗೀತು. ಯಜಮಾನರು ವಿಚಾರಣೆಗೆ ಬಂದಾಗ ಆಕೆ ನಡೆದದ್ದನ್ನೆಲ್ಲ ಸಾವಧಾನವಾಗಿ ವಿವರಿಸಿದಳು. ಹಂಡೆಯಣ್ಣನಿಗೂ ಮಾತಾಡಲು ಅವಕಾಶ ಕೊಡಿಸಿದಳು. ಎಲ್ಲರ ಮುಂದೆ, "ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಹಂಡೆ ನೋಡಿದೆ, ಪುಡಿ ನೋಡಿದೆ, ನೀರು ನೋಡಿದೆ. ಉಳಿದದ್ದು ಅಳತೆ ಹಾಕೋ ಕೈ ಒಂದೇ. ಅವರ ಕೈ ಸೋತಿದೆ," ಎಂದಳು. ಇಷ್ಟು ನ್ಯಾಯವಾಗಿ, ಇಷ್ಟು ಮೆತ್ತಗೆ ಹೇಳಿದ ಮಾತಿಗೆ ಎದುರಾಡುವವರು ಯಾರು? ಯಜಮಾನರು ಹಂಡೆಯಣ್ಣನನ್ನು ಪ್ಯಾಕಿಂಗ್ ಕೋಣೆಗೆ ಹಾಕಿದರು. ಅವನು ಏಪ್ರನ್ ಬಿಚ್ಚಿ, ಮಡಚಿ, ಮೊಳೆಗೆ ತೂಗುಹಾಕಿ ಹೋದ. ಅಷ್ಟು ವರ್ಷ ಅದನ್ನು ಮಡಚಿದ್ದನ್ನು ಯಾರೂ ನೋಡಿರಲಿಲ್ಲ.

ಅವನ ಜಾಗಕ್ಕೆ ಬಂದವಳು ಏನು ಹೇಳಿದರೂ "ಸರಿ ಅಕ್ಕ" ಎನ್ನುವವಳು. ಅದರಿಂದ ಅವಳ ಹೆಸರೇ ಸರಿಯಕ್ಕ ಎಂದಾಯಿತು. ಇನ್ನಷ್ಟು ನೀಲಿ ಹಾಕು ಎಂದರೆ ಹಾಕಿದಳು. ಮತ್ತಷ್ಟು ಎಂದರೆ ಮತ್ತಷ್ಟು ಹಾಕಿದಳು. ಕೊನೆಗೆ ಬಣ್ಣದಕ್ಕನ ನೆನಪಿನ ನೀಲಿ ಬಂತು. "ನೋಡಿ, ಕೈ ಬದಲಾದ ಕೂಡಲೇ ಬಣ್ಣ ಬಂತು," ಎಂದಳು. ಎಲ್ಲರೂ ತಲೆದೂಗಿದರು.

ಸಮವಸ್ತ್ರದ ಅಂಗಡಿಯಿಂದ ದಾರ ತಿರುಗಿ ಬಂತು. ಹೊಲಿಗೆ ಬಟ್ಟೆಯ ಮೇಲೆ ಗೆರೆ ಎಳೆದಂತೆ ಎದ್ದು ಕಾಣುತ್ತದೆ ಎಂಬ ದೂರು. ಯಜಮಾನರು ಬಟ್ಟೆಯ ತುಂಡನ್ನು ಆಕೆಯ ಮುಂದೆ ಹಿಡಿದರು. ಆಕೆ ನೋಡಿ, "ಬಟ್ಟೆಯೇ ಮಂಕು. ಅವರು ಬಟ್ಟೆ ಬದಲಾಯಿಸಿದ್ದಾರೆ," ಎಂದಳು. ಯಜಮಾನರಿಗೆ ಹಾಗೆ ಕಾಣಲಿಲ್ಲ. ಆದರೆ ಬಣ್ಣದಕ್ಕನ ಮುಂದೆ ತಮ್ಮ ಕಣ್ಣನ್ನು ನಂಬುವ ಧೈರ್ಯ ಅವರಿಗೂ ಇರಲಿಲ್ಲ.

ಮನೆಯಲ್ಲಿ ಮಾತ್ರ ಆ ಧೈರ್ಯ ಇದ್ದವಳೊಬ್ಬಳು ಇದ್ದಳು. ಗಂಡನನ್ನು ಕಳೆದುಕೊಂಡ ತಂಗಿ ಅಕ್ಕನ ಜೊತೆಯಲ್ಲೇ ಇದ್ದಳು. ಬಾಯಿ ಸ್ವಲ್ಪ ಚುರುಕು. ಬಿಳಿ ಬಟ್ಟೆ ಒಗೆದು ನೀಲಿಯಲ್ಲಿ ಅದ್ದುವುದು ಅಕ್ಕನ ಕೆಲಸ.

"ಅಕ್ಕ, ನೀಲಿ ವಿಪರೀತ ಆಯ್ತು ಕಣೆ. ಈ ಹಾಸಿಗೆಯಲ್ಲಿ ಮಲಗಿದ್ರೆ ಕೊಳದಲ್ಲಿ ಬಿದ್ದ ಹಾಗಿರುತ್ತೆ."

"ನಿನಗೆ ಬಿಳಿ ಅಂದ್ರೆ ಏನು ಅಂತ ಗೊತ್ತಾ? ಹಳದಿಯನ್ನೇ ಬಿಳಿ ಅಂದ್ಕೊಂಡು ಬದುಕಿದವಳು ನೀನು."

"ಹೌದಮ್ಮ. ದಾರ ಮಾಸಿದೆ, ಕಾರ್ಡು ಮಾಸಿದೆ, ಊರ ಬಟ್ಟೆಯೆಲ್ಲ ಮಾಸಿದೆ, ಈಗ ನಾನೂ ಮಾಸಿದೆ. ನಿನ್ನ ಕಣ್ಣೊಂದು ಮಾತ್ರ ಅಂಗಡಿಯಿಂದ ಈಗ ತಂದ ಹಾಗಿದೆ."

ಬಣ್ಣದಕ್ಕ ಎರಡು ದಿನ ತಂಗಿಯ ಜೊತೆ ಮಾತು ಬಿಟ್ಟಳು.

ಆಕೆ ಕೊನೆಗೂ ಕಣ್ಣಿನ ವೈದ್ಯರಲ್ಲಿಗೆ ಹೋದದ್ದು ಬಣ್ಣದ ಕಾರಣಕ್ಕಲ್ಲ. ಎದುರಿನಿಂದ ಬರುವ ಬಸ್ಸಿನ ದೀಪ ಕಣ್ಣಿಗೆ ರಾಚಿ, ಬೋರ್ಡು ಓದಲಾಗದೆ, ಎರಡು ಸಲ ಬೇರೆ ಬಸ್ಸು ಹತ್ತಿ ಎಲ್ಲೋ ಇಳಿದಿದ್ದಳು. ವೈದ್ಯರು ದೀಪ ಹಿಡಿದು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಮೊದಲು ಬಲಗಣ್ಣಿನದನ್ನು ತೆಗೆದರು.

ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದು ಮಂಚದ ಮೇಲೆ ಕೂತವಳು, "ಈ ನೀಲಿ ದಿಂಬಿನ ಚೀಲ ಎಲ್ಲಿಂದ ತಂದೆ?" ಎಂದು ತಂಗಿಯನ್ನು ಕೇಳಿದಳು.

ತಂಗಿ ಅಕ್ಕನ ಮುಖವನ್ನೇ ನೋಡಿದಳು. ಚುರುಕು ಬಾಯಿಯವಳಾದರೂ ಆ ಹೊತ್ತಿಗೆ ಅವಳ ಬಾಯಿಂದ ಒಂದು ಕೊಂಕೂ ಬರಲಿಲ್ಲ. "ಅದು ಬಿಳೀದು ಅಕ್ಕ. ನೀನೇ ಒಗೆದದ್ದು."

ಬಣ್ಣದಕ್ಕ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. ದಿಂಬು ಬಿಳಿಯಾಯಿತು. ಕೈ ಬದಲಾಯಿಸಿ ಎಡಗಣ್ಣನ್ನು ಮುಚ್ಚಿದಳು. ದಿಂಬು ನೀಲಿಯಾಯಿತು. ಮತ್ತೆ ಬಿಳಿ. ಮತ್ತೆ ನೀಲಿ. ಗೋಡೆ, ಹೊದಿಕೆ, ತಂಗಿಯ ನರೆಗೂದಲು, ಎಲ್ಲವನ್ನೂ ಒಂದೊಂದು ಕಣ್ಣಿನಿಂದ ನೋಡಿದಳು. ಎಡಗಣ್ಣಿನ ಲೋಕಕ್ಕೆ ಯಾರೋ ಬಿಸಿಲಿಗೆ ಹಳದಿಗಟ್ಟಿದ ಹಳೆಯ ಪರದೆ ಕಟ್ಟಿದ್ದರು. ಹಾಗೆ ಮುಚ್ಚಿ ತೆರೆಯುತ್ತಿರುವಾಗಲೇ ಮೊಳೆಗೆ ತೂಗುಹಾಕಿದ, ಮಡಚಿದ ಏಪ್ರನ್ ಕಣ್ಣ ಮುಂದೆ ಬಂತು. ಆಕೆಗೆ ಎರಡೂ ಕಣ್ಣು ಮುಚ್ಚಿಕೊಳ್ಳಬೇಕು ಎನ್ನಿಸಿತು.

ಮತ್ತೆ ಕೆಲಸಕ್ಕೆ ಹೋದ ಬೆಳಿಗ್ಗೆ, ಕೋಣೆಯ ಬಾಗಿಲಲ್ಲೇ ಕಾಲು ನಿಂತುಬಿಟ್ಟವು. ಮೇಜಿನ ಮೇಲಿನ ಬಟ್ಟೆ ಬೂದು ಬಣ್ಣದ್ದಾಗಿರಲಿಲ್ಲ. ನೀಲಿ ಬೆರೆತ ಬೂದು. ಮೋಡದ ಸಂದಿನಿಂದ ಇಣುಕುವ ಆಕಾಶದಂತಿತ್ತು. ಹಳೆಯದು ಹರಿದುಹೋಯಿತೆಂದು ಹಿಂದಿನ ವರ್ಷ ತಾನೇ ಅಂಗಡಿಗೆ ಹೋಗಿ, ಹತ್ತು ಥಾನು ಬಿಚ್ಚಿಸಿ ಆರಿಸಿ ತಂದದ್ದು ಅದು. ಯಾರ ಕಡೆಗೂ ವಾಲದ ಬಟ್ಟೆ.

ಸರಿಯಕ್ಕನನ್ನು ಕರೆದು, "ಇದು ಯಾವ ಬಣ್ಣ?" ಎಂದು ಕೇಳಿದಳು.

ಸರಿಯಕ್ಕ ತಡವರಿಸಿದಳು. "ನೀವು ಬೂದು ಅಂತೀರಲ್ಲ ಅಕ್ಕ."

"ನಿನ್ನ ಕಣ್ಣಿಗೆ?"

"ನೀಲೀನೇ ಅಕ್ಕ. ಎಲ್ಲರೂ ಮಾತಾಡ್ಕೊಂಡ್ವಿ. ಬಣ್ಣದಕ್ಕನೇ ತಂದಿದ್ದಾರೆ ಅಂದ್ರೆ ಏನೋ ಕಾರಣ ಇರಬೇಕು ಅಂದ್ಕೊಂಡ್ವಿ."

ಆಕೆಗೆ ಬಯ್ಯಬೇಕೆನ್ನಿಸಿತು, ಯಾರನ್ನು ಬಯ್ಯುವುದು? ಹೇಳಿದವನಿಗೆ ಏನಾಯಿತು ಎಂಬುದನ್ನು ಎಲ್ಲರೂ ನೋಡಿದ್ದರಲ್ಲ.

ಗೋದಾಮಿನಲ್ಲಿ ತಿರಸ್ಕರಿಸಿದ ದಾರದ ಮೂಟೆಗಳಿದ್ದವು. ಹಂಡೆಯಣ್ಣ ಮೊದಲ ಬಾರಿಗೆ ಹಾಕಿ ಆಕೆ ಬೇಡವೆಂದ ತಿಳಿನೀಲಿಯಿಂದ ಒಂದು ಲಡಿ ಎಳೆದುಕೊಂಡಳು. ಖಾನೆಯಿಂದ ಕಾರ್ಡು ತೆಗೆದಳು. ಅಂಗಡಿಯವರು ಕಳಿಸಿದ ಬಟ್ಟೆಯ ತುಂಡನ್ನೂ ಇಟ್ಟಳು. ಎಡಗಣ್ಣು ಮುಚ್ಚಿ ನೋಡಿದಳು. ದಾರ, ಕಾರ್ಡು, ಬಟ್ಟೆ ಮೂರೂ ಒಂದೇ ಉಸಿರಿನಲ್ಲಿ ಹೇಳಿದ ಮಾತಿನಂತಿದ್ದವು. ಪಕ್ಕದಲ್ಲಿ ಆಕೆ ಒಪ್ಪಿದ ಸರಿಯಕ್ಕನ ಲಡಿ ಅರಚುತ್ತಿತ್ತು.

ಪ್ಯಾಕಿಂಗ್ ಕೋಣೆಯಲ್ಲಿ ಹಂಡೆಯಣ್ಣ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದ. ಆ ಒಂದು ವರ್ಷದಲ್ಲಿ ಆಕೆ ಆ ಕೋಣೆಗೆ ಹೆಚ್ಚಾಗಿ ಹೋದವಳಲ್ಲ. ಬಾಗಿಲಲ್ಲಿ ಎದುರಾದಾಗ "ಚೆನ್ನಾಗಿದ್ದೀರಾ ಅಣ್ಣ?" ಎಂದು ಕೇಳಿ ಮುಂದೆ ಹೋಗಿದ್ದಳು, ಅಷ್ಟೆ. ಈಗ ಮೊದಲು ಕಣ್ಣಿಗೆ ಬಿದ್ದದ್ದು ಅವನ ಕೈಗಳು. ಅಷ್ಟು ವರ್ಷ ಒಮ್ಮೆಯೂ ಬಣ್ಣವಿಲ್ಲದೆ ಕಂಡಿರದ ಆ ಕೈಗಳು ಅಚ್ಚುಕಟ್ಟಾಗಿ, ಬೆಳ್ಳಗೆ, ಯಾರದೋ ಕೈಗಳಂತೆ ಇದ್ದವು. ಉಗುರಿನ ಸಂದಿಯಲ್ಲೂ ಬಣ್ಣ ಉಳಿದಿರಲಿಲ್ಲ.

"ಬಂದ್ರಾ ಅಕ್ಕ? ಕಣ್ಣು ಹೇಗಿದೆ?"

"ಚೆನ್ನಾಗಿ ಕಾಣುತ್ತೆ ಅಣ್ಣ. ಅದಕ್ಕೇ ಬಂದೆ." ಆಕೆ ಡಬ್ಬಗಳ ಹತ್ತಿರ ಬಂದು ನಿಂತಳು. "ನಿಮ್ಮ ಬಣ್ಣ ಸರಿಯಾಗೇ ಇತ್ತು. ತಪ್ಪು ನಿಮ್ಮ ಕೈದಲ್ಲ, ನನ್ನ ಕಣ್ಣಿಂದು."

ಆತ ಸಿಟ್ಟಾಗಬಹುದು, ಮುಖ ತಿರುಗಿಸಬಹುದು, ಎರಡು ಮಾತು ಆಡಬಹುದು. ಮೆಟ್ಟಿಲಿಳಿಯುವಾಗ ಆಕೆ ಎಲ್ಲಕ್ಕೂ ಸಿದ್ಧಳಾಗಿ ಬಂದಿದ್ದಳು. ಆತ ಮಾಡಿದ್ದಕ್ಕೆ ಮಾತ್ರ ಸಿದ್ಧಳಾಗಿರಲಿಲ್ಲ. ಅವನು ಆಕೆಯನ್ನು ಸಮಾಧಾನ ಮಾಡತೊಡಗಿದ.

"ಇಲ್ಲ ಅಕ್ಕ, ನನಗೋಸ್ಕರ ಹಾಗೆಲ್ಲ ಹೇಳಬೇಡಿ. ನೀವು ಹೇಳಿದ್ದೇ ಸರಿ. ಮೊದಮೊದಲು ನನಗೆ ಸರಿಯಾಗೇ ಕಾಣ್ತಿತ್ತು. ಆಮೇಲೆ ಬಣ್ಣದಕ್ಕ ಸುಮ್ಮನೆ ಹೇಳ್ತಾರಾ ಅಂತ ಮನಸ್ಸಿಟ್ಟು ನೋಡ್ದೆ. ನೋಡ್ತಾ ನೋಡ್ತಾ ಹೌದು, ಮಂಕಾಗೇ ಕಾಣ್ತು." ಅಂಟು ಹತ್ತಿದ ಬೆರಳನ್ನು ಒರೆಸಿಕೊಂಡ. "ಈಗ ಬಣ್ಣದ ವಿಷಯದಲ್ಲಿ ನಾನು ಬಾಯೇ ಬಿಡಲ್ಲ. ಮನೆ ಗೋಡೆಗೆ ಬಣ್ಣ ಹೊಡೆಸಿದಾಗ್ಲೂ ನಮ್ಮವಳು ಎಷ್ಟು ಕೇಳಿದ್ರೂ ನಿನಗೆ ಕಂಡದ್ದು ಹಚ್ಚಿಸು ಅಂದೆ. ಅವಳು ಹಚ್ಚಿಸಿದ್ದಾಳೆ ನೋಡಿ ಒಂದು ಹಸಿರು, ಮನೆ ಒಳಗೆ ಹೋದ್ರೆ ಗಿಳಿಯ ಹೊಟ್ಟೆಯಲ್ಲಿ ಕೂತ ಹಾಗಿದೆ." ನಕ್ಕ.

ಆಕೆಗೆ ನಗು ಬರಲಿಲ್ಲ. ಕೆಲಸ ಕಿತ್ತುಕೊಂಡದ್ದು ಒಂದು; ಇದು ಅದಕ್ಕಿಂತ ದೊಡ್ಡದು. ತನ್ನ ಕಣ್ಣನ್ನು ಒಮ್ಮೆಯೂ ಅನುಮಾನಿಸದೆ ಆಕೆ ಲೋಕವನ್ನೆಲ್ಲ ಅನುಮಾನಿಸಿದ್ದಳು. ಆಕೆಯ ಮಾತನ್ನು ಅನುಮಾನಿಸದೆ ಆತ ಸರಿಯಾಗಿದ್ದ ತನ್ನ ಕಣ್ಣನ್ನು ಬಿಟ್ಟುಕೊಟ್ಟಿದ್ದ. ಮನಸ್ಸು ತೆರೆದಿಟ್ಟವಳು ತಾನೇ ಎಂದು ಅಷ್ಟು ವರ್ಷ ಹೇಳಿಕೊಂಡು ತಿರುಗಿದ್ದಳು. ನಿಜವಾಗಿ ತೆರೆದಿಟ್ಟವನು ಇಲ್ಲಿ ಚೀಟಿ ಅಂಟಿಸುತ್ತಿದ್ದ. ಆ ತೆರೆದ ಬಾಗಿಲಿನಿಂದಲೇ ಆಕೆ ಒಳಹೊಕ್ಕು ಅವನ ಕಣ್ಣನ್ನೇ ಕದ್ದಿದ್ದಳು.

"ಅಣ್ಣ, ನನ್ನ ಮಾತು ನಂಬಬೇಡಿ."

"ಮತ್ತೆ ಯಾರ ಮಾತು ನಂಬಲಿ?"

"ಯಾರದ್ದೂ ಬೇಡ. ಮೇಲೆ ಬನ್ನಿ. ನೀವೇ ನೋಡಿ."

ಕೋಣೆಯಲ್ಲಿದ್ದುದು ಒಂದೇ ಕುರ್ಚಿ. ಆ ಕುರ್ಚಿಯಲ್ಲಿ ಬೇರೆಯವರು ಕುಳಿತದ್ದಿಲ್ಲ. ಆಕೆ ಅವನನ್ನು ಕೂರಿಸಿ ತಾನು ನಿಂತಳು. ನೀಲಿ ಬೆರೆತ ಆ ಬೂದು ಬಟ್ಟೆಯನ್ನು ತೆಗೆದುಹಾಕಿ ಬರೀ ಮರದ ಹಲಗೆಯ ಮೇಲೆ ದಾರ, ಕಾರ್ಡು, ಬಟ್ಟೆ, ಸರಿಯಕ್ಕನ ಲಡಿ ನಾಲ್ಕನ್ನೂ ಇಟ್ಟಳು. ಯಾವುದು ಯಾರದ್ದು ಎಂದು ಹೇಳಲಿಲ್ಲ.

"ನಿಮಗೇನು ಕಾಣುತ್ತೆ ಅಂತ ಮೊದಲು ಹೇಳಿ ಅಕ್ಕ."

"ನಾನು ಹೇಳಲ್ಲ."

ಆತ ಆಕೆಯ ಮುಖ ನೋಡಿದ. ಮುಖದಲ್ಲಿ ಉತ್ತರ ಹುಡುಕುತ್ತಿದ್ದಾನೆ ಎಂದು ತಿಳಿದು ಆಕೆ ಗೋಡೆಯ ಕಡೆ ತಿರುಗಿ ನಿಂತಳು. ಹಿಂದಿನಿಂದ ಲಡಿ ಎತ್ತಿದ ಸದ್ದು, ಕುರ್ಚಿ ಕಿಟಕಿಗೆ ಸರಿದ ಸದ್ದು. ಹಲಗೆಯ ಆಚೆ ಯಂತ್ರಗಳು ತಿರುಗುತ್ತಿದ್ದವು.

"ಇವು ಮೂರು ಒಂದೇ," ಎಂದ ಹಂಡೆಯಣ್ಣ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಇದೊಂದು ಬೇರೆ. ನೀಲಿ ಅತಿಯಾಗಿದೆ. ಆ ಮೂರರಲ್ಲಿರೋ ಈ ಲಡಿ ನಾನು ಹಾಕಿದ್ದು ಅಲ್ವಾ? ತುದಿಗೆ ಗಂಟು ನಂದೇ."

"ಹೌದು."

"ಹಾಗಾದ್ರೆ ಅವತ್ತು..." ಲಡಿಯನ್ನು ಮೇಜಿಗೆ ಇಳಿಸಿದ ಸದ್ದು. "ಕಣ್ಣು ತೋರಿಸಿ ಅಂದಿದ್ದೆ."

"ಅಂದಿದ್ರಿ."

"ನೀವು ನಕ್ಕಿರಿ."

"ನಕ್ಕೆ ಅಣ್ಣ."

ಆತ ಪರವಾಗಿಲ್ಲ ಎನ್ನಲಿಲ್ಲ. ಆಕೆಯೂ ಆ ಮಾತನ್ನು ಬಯಸಲಿಲ್ಲ. ಹಾಗೆ ಅಂದಿದ್ದರೆ ಅವನ ಔದಾರ್ಯದಿಂದ ಇನ್ನೊಂದನ್ನು ತೆಗೆದುಕೊಂಡಂತಾಗುತ್ತಿತ್ತು.

ಎಲ್ಲರ ಮುಂದೆ ಆಡಿದ್ದನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಯಂತ್ರ ನಿಲ್ಲಿಸಿ ಊಟಕ್ಕೆ ಏಳುವ ಹೊತ್ತಿನಲ್ಲಿ ಬಣ್ಣದಕ್ಕ ಎದ್ದು ನಿಂತು ಹೇಳಿದಳು. ಮಾತು ಸರಾಗವಾಗಿ ಬರಲಿಲ್ಲ. ಕಥೆ ಹೇಳಿ ಪಳಗಿದ ನಾಲಿಗೆ ಅಂದು ಒಂದೊಂದು ಮಾತಿಗೂ ಎಡವಿತು. ಯಜಮಾನರು ಒಳ್ಳೆಯವರು, ಆಕೆಯ ಮುಖ ನೋಡಲಾರದೆ, "ಹೋಗ್ಲಿ ಬಿಡಿ ಅಕ್ಕ, ಕಣ್ಣಿಗೆ ಪೊರೆ ಬಂದ್ರೆ ನೀವೇನು ಮಾಡೋಕಾಗುತ್ತೆ?" ಎಂದರು.

"ಪೊರೆ ಬಂದದ್ದು ಕಣ್ಣಿಗೆ, ಯಜಮಾನ್ರೇ. ಅಣ್ಣನ ಕೈ ಸೋತಿದೆ ಅಂದದ್ದು ಬಾಯಿ."

ಯಾರೋ ಊಟದ ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ಮತ್ತೆ ಮುಚ್ಚಿದರು.

ಯಜಮಾನರು ಹಂಡೆಯಣ್ಣನನ್ನು ಮತ್ತೆ ಹಂಡೆಗೆ ಕರೆದರು. ಅವನು ಕೆಳಗೆ ಹೋಗಿ, ನೆನೆದ ಲಡಿಗಳ ಕೋಲನ್ನು ಎತ್ತಿ ನೋಡಿ, ಹಾಗೇ ಇಳಿಸಿದ. "ಆಗ ಸೋತಿರಲಿಲ್ಲ, ಈಗ ನಿಜವಾಗ್ಲೂ ಸೋತಿದೆ. ಒಂದು ವರ್ಷ ಕಾಗದ ಎತ್ತಿದ ಕೈಗೆ ಈ ಭಾರ ಒಗ್ಗಲ್ಲ," ಎಂದ. ತಮಾಷೆಯಂತೆಯೇ ಹೇಳಿದ. ಬಣ್ಣದಕ್ಕ ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ದಳು. ಏಪ್ರನ್ನನ್ನು ಮತ್ತೆ ಸರಿಯಕ್ಕನೇ ಕಟ್ಟಿಕೊಂಡಳು.

ಈಗ ಆ ಕೋಣೆಯಲ್ಲಿ ಎರಡು ಕುರ್ಚಿಗಳಿವೆ. ಎರಡನೆಯದನ್ನು ಬಣ್ಣದಕ್ಕ ತಾನೇ ಪ್ಯಾಕಿಂಗ್ ಕೋಣೆಯಿಂದ ಹೊತ್ತು ತಂದಳು. ಮೇಜಿಗೆ ಹೊಸ ಬಟ್ಟೆ ಬಂದಿದೆ. ಅದನ್ನು ಆರಿಸಲು ತಂಗಿಯನ್ನೂ ಸರಿಯಕ್ಕನನ್ನೂ ಅಂಗಡಿಗೆ ಕರೆದೊಯ್ದು, ಅವರಿಬ್ಬರೂ ಬೂದು ಎಂದ ಮೇಲೆಯೇ ತಂದದ್ದು. "ಇದನ್ನ ಆರಿಸೋಕೆ ಇನ್ನಿಬ್ಬರು ಸಾಕ್ಷಿ ಬೇಕಿತ್ತಾ?" ಎಂದು ತಂಗಿ ದಾರಿಯುದ್ದಕ್ಕೂ ಗೊಣಗಿದಳು. ಎಡಗಣ್ಣಿನ ಪೊರೆಯನ್ನೂ ಆಕೆ ತೆಗೆಸಿಕೊಂಡಿದ್ದಾಳೆ.

ಲಡಿ ಬಂದಾಗ ಹಂಡೆಯಣ್ಣ ಪ್ಯಾಕಿಂಗ್ ಕೋಣೆಯಿಂದ ಮೇಲೆ ಬರುತ್ತಾನೆ. ಅವನು ನೋಡುವಾಗ ಆಕೆ ಹೊರಗೆ ಹೋಗಿ ನಿಲ್ಲುತ್ತಾಳೆ. ಬಣ್ಣ ಒಪ್ಪಿಗೆಯಾದರೆ ಖಾಲಿ ರೀಲೊಂದನ್ನು ನೆಟ್ಟಗೆ ನಿಲ್ಲಿಸಬೇಕು, ಇಲ್ಲವಾದರೆ ಅಡ್ಡ ಮಲಗಿಸಬೇಕು. ಅದರ ಮೇಲೆ ಡಬ್ಬಿ ಬೋರಲು ಹಾಕಿ ಬರಬೇಕು. ಆಮೇಲೆ ಆಕೆ ಒಳಗೆ ಹೋಗಿ ನೋಡಿ ತನ್ನ ರೀಲನ್ನು ಇನ್ನೊಂದು ಡಬ್ಬಿಯ ಕೆಳಗೆ ಇಡುತ್ತಾಳೆ. ಆ ಮೇಲೆ ಇಬ್ಬರೂ ಕೂತು ಡಬ್ಬಿ ಎತ್ತುವುದು. ರೀಲುಗಳು ಒಂದಕ್ಕೊಂದು ಹೊಂದದಿದ್ದರೆ ಆ ಲಡಿ ಮರುದಿನದ ಬೆಳಕಿಗೆ ಕಾಯಬೇಕು. ಕೆಲಸ ನಿಧಾನವಾಗುತ್ತದೆ ಎಂದು ಯಜಮಾನರು ಆಗಾಗ ತಲೆ ಕೆರೆದುಕೊಳ್ಳುತ್ತಾರೆ. "ಇದೇನು ಅಕ್ಕ, ಮಕ್ಕಳಾಟ?" ಎಂದು ಯಂತ್ರದ ಹೆಂಗಸರು ಕೀಟಲೆ ಮಾಡುತ್ತಾರೆ. ಗುಡಿಸುವವಳ ಕಥೆಯನ್ನು ಬಣ್ಣದಕ್ಕ ಈಗ ಹೇಳುವುದಿಲ್ಲ. ಯಾರಾದರೂ ನೆನಪಿಸಿದರೆ ಬೇರೆ ಮಾತು ತೆಗೆಯುತ್ತಾಳೆ.

ಮೊನ್ನೆ ಒಂದು ಕಂದು ದಾರ ಬಂತು. ಆಕೆಯ ರೀಲು ನಿಂತಿತ್ತು, ಅವನದು ಮಲಗಿತ್ತು. ಆಕೆಯ ಕಣ್ಣಿಗೆ ಆ ಕಂದು ಸರಿಯಾಗಿಯೇ ಇತ್ತು. ಈಗ ಆ ಕಣ್ಣಿನಲ್ಲಿ ಪೊರೆಯೂ ಇಲ್ಲ. 'ಅಣ್ಣ, ಇನ್ನೊಂದ್ಸಲ ನೋಡಿ' ಎಂಬ ಮಾತು ತುಟಿಯವರೆಗೆ ಬಂತು. ಅಷ್ಟು ಹೇಳಿದರೆ ಸಾಕು, ಅವನಿಗೆ ಬೇರೆ ಕಾಣತೊಡಗುತ್ತದೆ ಎಂಬುದು ಆಕೆಗೆ ಗೊತ್ತು. ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಹಂಡೆಯಣ್ಣ ಆಕೆಯ ರೀಲನ್ನು ನೋಡಿ, "ಹೌದಾ? ಹಾಗಾದ್ರೆ ನನಗೇ ಎಲ್ಲೋ..." ಎನ್ನುತ್ತ ತನ್ನದನ್ನು ಎತ್ತಿ ನಿಲ್ಲಿಸಲು ಕೈ ಚಾಚಿದ.

ಬಣ್ಣದಕ್ಕ ಆ ಕೈಯನ್ನು ತಡೆದಳು. "ಮುಟ್ಟಬೇಡಿ ಅಣ್ಣ. ಅದು ಹಾಗೇ ಇರಲಿ."

ತನ್ನ ಬೆರಳುಗಳ ಕೆಳಗೆ ಆ ಬಿಳಿಯ, ಬಣ್ಣವಿಲ್ಲದ ಮಣಿಕಟ್ಟು ಕಂಡು ಆಕೆ ತಲೆ ತಗ್ಗಿಸಿದಳು. ಆಮೇಲೆ ಎದ್ದು ಆ ಕಂದು ಲಡಿಯನ್ನು ಬೆಳಗಿನ ಬೆಳಕಿಗೆಂದು ಕಿಟಕಿಯ ಮೊಳೆಗೆ ನೇತುಹಾಕಿದಳು.